ಉಡಿ ಇಲ್ಲದ ಪರಕಾರ

ಸಾಲಿ ಮಾಸ್ತರು ರಿಟೈರ್ ಆದ್ರ ಶಾಲು ಹೊದಿಸ್ತಾರ, ಹಾರ ಹಾಕ್ತಾರ, ಒಂದು ಗೋಡಿ ಗಡಿಯಾರ ಕೈಯಾಗ ಕೊಟ್ಟು ಕಳಿಸ್ತಾರ. ಇನ್ನ ಮ್ಯಾಲ ಮನಿಯಾಗ ಕುಂತು ಟೈಮ್ ನೋಡ್ಕೋ ಅಂತ ಅದರ ಅರ್ಥ. ಟೇಲರ್ ರಿಟೈರ್ ಆದ್ರ ನಾಯಿನೂ ತಿರುಗಿ ನೋಡಂಗಿಲ್ಲ. ನಂದು ಹೆಂಗಾತಂದ್ರ, ಮೊದಲು ಕಣ್ಣು ರಾಜೀನಾಮಿ ಕೊಟ್ಟುವು, ಅದನ್ನ ನೋಡಿ ಮೊಣಕಾಲಿಗೂ ಧೈರ್ಯ ಬಂತು. ಅಂಗಡಿಗೆ ಕೀಲಿ ಹಾಕೋ ದಿನ ಒಬ್ಬಾಕಿ ಓಡಿ ಬಂದು, "ಶಂಕ್ರವ್ವಾ, ಬಿಡೋದಂತೂ ಬಿಡಾಕತ್ತಿ, ನನ್ನ ಜಂಪರ ಒಂದು ಹೊಲದು ಕೊಟ್ಟು ಬಿಡು" ಅಂದ್ಲು. ನನಗಾದ ಸನ್ಮಾನ ಅಷ್ಟ.

ಈಗ ಕುಷ್ಟಗಿಯಾಗ ಹೊಲಿಗಿ ಕಲಿಯೋ ಹುಡುಗ್ಯಾರು ಮನಿಗೆ ಬಂದು, "ಆಂಟಿ, ಏನರ ಟಿಪ್ಸ್ ಹೇಳ್ರಿ" ಅಂತಾರ. ಆಂಟಿ ಅಂದ ಕೂಡ್ಲೆ ಮೈಯೆಲ್ಲ ಉರೀತೈತಿ. ಆದ್ರ ಕೇಳಾಕರ ಬರ್ತಾವಲ್ಲ ಅಂತ ಸುಮ್ಕಾಗ್ತೀನಿ. ಮೋಟಾರ್ ಮಷಿನ್ ಅವರಿಗೆ ಬರ್ತೈತಿ. ಮೊಬೈಲ್ ನೋಡಿ ಬೆನ್ನಿಗೆ ಕಿಟಕಿ ಬಾಗಿಲ ಇಟ್ಟು ಜಂಪರ ಕತ್ತರಿಸಾಕ ಬರ್ತೈತಿ. ಹಾಕ್ಕೊಳ್ಳಾಕಿ ದಿನಾ ಏನು ಕೆಲಸ ಮಾಡ್ತಾಳ ಅಂತ ಕೇಳಾಕ ಮಾತ್ರ ಬರಂಗಿಲ್ಲ. ಅದಕ್ಕ ಒಂದು ಪರಕಾರದ ಸುದ್ದಿ ಹೇಳ್ತೀನಿ. ಪರಕಾರ ಅಂದ್ರ ಲಂಗಾನವ್ವ, ಮತ್ತೇನಲ್ಲ. ಕುರಿ ಹಿಂಡಿನ ಹಿಂದ ಊರೂರು ಅಡ್ಡಾಡೋ ಯಲ್ಲವ್ವ ಅನ್ನಾಕಿಗೆ ಅದನ್ನ ಹೊಲದೆ. ಅದನ್ನ ನಾ ಹೆಂಗೆಂಗ ಕೆಡಿಸಿದೆ ಅಂತ ಕೇಳಿದ್ರ ನಿಮಗ ಧೈರ್ಯ ಬರ್ತೈತಿ.

ನನಗ ಕೆಲಸ ಕಲಿಸಿದಾವ ಖಾದರಸಾಬ ಮಾಸ್ತರ. ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಅವನ ಅಂಗಡಿ. ಬಾಯಿ ಭಾಳ ಕೆಟ್ಟದ್ದು, ಕೈ ಭಾಳ ಛಲೋ. ಟೇಪ್ ಹಿಡಿಯೋಕ್ಕಿಂತ ಮೊದಲ ಗಿರಾಕಿಗೆ ಒಂದ ಮಾತು ಹೇಳಾವ: "ಕುಂದ್ರು." ಕುರ್ಚಿ ಮ್ಯಾಲ ಅಲ್ಲ, ನೆಲದ ಮ್ಯಾಲ ಕುಕ್ಕರಗಾಲಿಲೆ. ಆಮ್ಯಾಲ "ಏಳು." ಆಮ್ಯಾಲ "ಹೊಸ್ತಿಲ ದಾಟು." ಇಷ್ಟು ಕವಾಯತು ಆದ ಮ್ಯಾಲನ ಅಳತಿ. "ನಿಂತಾಗ ಎಲ್ಲಾರೂ ಚಂದ ಇರ್ತಾರ ಶಂಕ್ರವ್ವಾ. ಕುಂದ್ರಿಸಿ ನೋಡು, ಅರಿವಿ ಎಲ್ಲಿ ಒದರತೈತಿ ಅಂತ ಗೊತ್ತಾಗತೈತಿ" ಅಂತಿದ್ದ.

ಒಮ್ಮಿ ಒಬ್ಬ ಪುಢಾರಿ ಎಲೆಕ್ಷನ್ ಮುಂದ ಬಿಳಿ ಪ್ಯಾಂಟ್ ಹೊಲಿಸಾಕ ಬಂದ. ಮಾಸ್ತರ ಕುಂದ್ರು ಅಂದ. ಹಿಂದ ನಾಕು ಮಂದಿ ನಿಂತಾರ, ಕುಂದ್ರಲಿಲ್ಲಂದ್ರ ಮರ್ಯಾದಿ ಹೋಗತೈತಿ ಅಂತ ಅವನೂ ಕುಂತ. ಹಾಕ್ಕೊಂಡು ಬಂದಿದ್ದ ಪ್ಯಾಂಟು ಹಿಂದಿನಿಂದ ಜೈಕಾರ ಹಾಕಿಬಿಡ್ತು. ಮಾಸ್ತರ ಮಾರಿ ಒಂದೀಟೂ ಸಡಲಿಸದ, "ಇದನ್ನ ಹೊಲದಾವ ಯಾರ್ರೀ?" ಅಂತ ಕೇಳಿದ. ಅದನ್ನ ಹೊಲದಾವ ಮಾಸ್ತರನ. ಪುಢಾರಿ ಪಾಪ, ಎರಡೂ ಕೈ ಹಿಂದ ಇಟ್ಕೊಂಡು ಜೀಪ್ ತನಕ ಹಿಮ್ಮುಖ ನಡಕೊಂತ ಹೋದ.

ಮಾಸ್ತರಗ ಕೈ ನಡುಗಾಕ ಹತ್ತಿದ ಮ್ಯಾಲ ಅಂಗಡಿ ನಾ ನೋಡ್ಕೊಂಡೆ. ಅವ ಬಾಗಿಲ ಕಟ್ಟಿ ಮ್ಯಾಲ ಕುಂತು ಹೋಗೋ ಬರೋರ ಅರಿವಿಗೆಲ್ಲ ಬೈಕೊಂತ ಚಾ ಕುಡಿಯಾವ. ನಾನೂ ಗಿರಾಕಿಗಳನ್ನ ಕುಂದ್ರಸಾಕ ಶುರು ಮಾಡಿದೆ. ಹೊಸದಾಗಿ ಊರಿಗೆ ಬಂದಿದ್ದ ಒಬ್ಬ ಸಾಹೇಬರ ಹೆಂಡ್ತಿಗೆ, "ಬಾಯಾರ, ಸ್ವಲ್ಪ ಕುಂದ್ರರಿ" ಅಂದೆ. "ಕುಂದ್ರಾಕ ನಮ್ಮ ಮನಿಯಾಗ ಸೋಫಾ ಐತಿ" ಅಂತ ಹೇಳಿ ಜಂಪರ್ ಪೀಸ್ ಕಸ್ಕೊಂಡು ಹೋದ್ಲು. ಎಲ್ಲಾರಿಗೂ ಒಂದ ಕವಾಯತು ನಡೆಯಂಗಿಲ್ಲವ್ವ, ಮಾರಿ ನೋಡಿ ಮಣಿ ಹಾಕ್ರಿ.

ಯಲ್ಲವ್ವ ಬಂದದ್ದು ದೀಪಾವಳಿ ಮುಂದ. ಯಲಬುರ್ಗಿ ಕಡೆಯ ಹಳ್ಳಿ ಅಕಿದು. ವಯಸ್ಸು ಇನ್ನೂ ಸಣ್ಣದು, ಮಕ್ಕಳಿಲ್ಲ, ಹಿಂದಿನ ವರ್ಷ ಕಾಮಣಿ ಜಡ್ಡಾಗಿ ಗಂಡ ಹೋಗಿದ್ದ. ಅವ ಬಿಟ್ಟು ಹೋದದ್ದು ಒಂದು ಸಣ್ಣ ಕುರಿ ಹಿಂಡು. ಸುಗ್ಗಿ ಮುಗಿದ ಮ್ಯಾಲ ಅವರ ಮನಿಯವರು ಕುರಿ ಹೊಡಕೊಂಡು ತಾವರಗೇರಿ, ಕನಕಗಿರಿ ದಾಟಿ ಕಾರಟಗಿ ಕಡೆ ಹೋಗ್ತಾರ. ಅಲ್ಲಿ ನೆಲ್ಲು ಕೊಯ್ದ ಗದ್ದಿಯೊಳಗ ಕುರಿ ಮೇಯಸ್ತಾರ, ಹಿಕ್ಕಿ ಗೊಬ್ಬರ ಆಗ್ಲಿ ಅಂತ ಗದ್ದಿ ಮಾಲಕರು ಹಿಂಡು ಅಲ್ಲೇ ನಿಲ್ಲಿಸಿಕೋತಾರ. ಯುಗಾದಿ ಹೊತ್ತಿಗೆ ವಾಪಸ್ ಊರಿಗೆ.

ಅಕಿ ಗಂಡನ ಅಣ್ಣ ಭೀಮಪ್ಪ. ಅವ ಹೇಳಿದ್ದ: "ಒಬ್ಬಾಕಿ ಹೆಂಗಸು ಹಾದಿ ಮ್ಯಾಲ ಹಿಂಡು ಕಾಯೋ ಮಾತಲ್ಲ. ನಿನ್ನ ಕುರಿ ನನ್ನ ಹಿಂಡಿನಾಗ ಕೂಡಿಸು, ನೀ ಮನಿಯಾಗ ರೊಟ್ಟಿ ಬಡಿ." ಯಲ್ಲವ್ವ ಒಪ್ಪಲಿಲ್ಲ. ಹಿರ್ಯಾರು ಕುಂತು ಮಾತಾಡಿ ಒಂದು ತೀರ್ಮಾನ ಮಾಡಿದ್ರು. ಈ ಸಲ ಯಲ್ಲವ್ವ ತನ್ನ ಹಿಂಡು ತಾನ ಹೊಡಕೊಂಡು ಎಲ್ಲಾರ ಕೂಡ ಹೋಗಿ ಬರಬೇಕು. ಹಾದ್ಯಾಗ ಹಿಂದ ಬಿದ್ಲಂದ್ರ ಕುರಿ ಭೀಮಪ್ಪನವು. ಬೀಳದ ಬಂದ್ಲಂದ್ರ ಅಕೀವು.

"ಸೀರ್ಯಾಗ ಆಗಂಗಿಲ್ಲಬೇ" ಅಂದ್ಲು. "ಜಾಲಿ ಮುಳ್ಳು ಜಗ್ಗತೈತಿ. ಕಾಲುವಿ ದಾಟಿದ್ರ ಕಾಲಿಗೆ ಸುತ್ತತೈತಿ. ಕುರಿ ಹಿಂದ ಓಡಬೇಕೋ, ನಿರಿಗಿ ಹಿಡಕೊಂಡು ನಿಂದ್ರಬೇಕೋ?"

"ಚೂಡಿದಾರ ಹೊಲಿಸ್ಕೋ ಹಂಗಾರ."

"ಹೌದವಾ, ಬಯಲ ಹೊಲದಾಗ ಎರಡಕ್ಕ ಬಂದ್ರ ನೀ ಬಂದು ನನ್ನ ಮುಂದ ಚಾದರ ಹಿಡೀತಿಯೇನು? ಪರಕಾರ ಆದ್ರ ಸುತ್ತ ಮರೆ ಆಗತೈತಿ."

ಕಟ್ಟಿ ಮ್ಯಾಲಿದ್ದ ಮಾಸ್ತರ ಚಾ ನೆತ್ತಿಗೆ ಏರಿಸಿಕೊಂಡ. ಇಷ್ಟು ವರ್ಷ ಹೊಲದೀನಿ, ಅರಿವಿ ಯಾಕ ಬೇಕು ಅಂತ ಇಷ್ಟು ಸ್ವಚ್ಛ ಹೇಳಿದ ಗಿರಾಕಿ ನಾ ನೋಡಿದ್ದಿಲ್ಲ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗದಂಗ ನಾ ಹೊಲದೆ. ಪಾಪ, ಸಣ್ಣ ವಯಸ್ಸಿನಾಕಿ, ಚಂದ ಕಾಣಲಿ ಅಂತ ಹಸರು ಅರಿವಿ ತಗೊಂಡೆ, ಸೊಂಟದ ತುಂಬ ನೆರಿಗಿ ಇಟ್ಟೆ, ಕೆಳಗ ಲೇಸ್ ಬಡದೆ, ನಡಕ್ಕ ಲಾಡಿ. ಅಕಿನ್ನ ಕುಂದ್ರಿಸಿ ಎಬ್ಬಿಸಿ ನೋಡಿದ್ದೂ ಆಗಿತ್ತು. ಅಂಗಡಿ ನೆಲದ ಮ್ಯಾಲ ಜಾಲಿ ಕಂಟಿ ಇರಂಗಿಲ್ಲ ಅನ್ನೋ ಮಾತು ಮಾತ್ರ ನನ್ನ ತೆಲಿಗೆ ಹೊಳಿಲಿಲ್ಲ.

ವಾರ ಬಿಟ್ಟು ಯಲ್ಲವ್ವ ಬಂದ್ಲು. ಹಿಂದಿನ ಸೀರೀನ ಉಟ್ಕೊಂಡಿದ್ಲು, ಪರಕಾರ ಬಗಲಾಗ ಸುತ್ತಿಟ್ಟಿದ್ಲು. ಬಿಚ್ಚಿ ನೋಡಿದ್ರ ಲೇಸ್ ತುಂಬ ಉತ್ತರಾಣಿ ಗಿಡದ ಮುಳ್ಳುಕಾಳು ಹತ್ಕೊಂಡಿದ್ವು. ಹಳ್ಳ ದಾಟಿದಾಗ ಅಷ್ಟೂ ನೆರಿಗಿ ನೀರು ಕುಡದು, ಕಾಲಾಗ ಎರಡು ಕೊಡ ಕಟ್ಕೊಂಡಂಗ ಆಗಿತ್ತಂತ. ಲಾಡಿದು ದೊಡ್ಡ ಕತಿ. ಹಸಿ ಗಂಟು ಬಿಗದು ಬಿಚ್ಚವಲ್ದು, ಅಕಿ ಹೊಟ್ಟಿ ಆ ಹೊತ್ತಿಗೇ ಕೆಟ್ಟಿತ್ತು.

"ಆಮ್ಯಾಲ ಏನು ಮಾಡಿದಿ?" ಅಂದೆ.

"ಏನು ಮಾಡ್ತಾರ? ಕುರಿ ಉಣ್ಣೆ ಕತ್ತರಿಸೋ ಕತ್ರಿ ಇತ್ತು" ಅಂದ್ಲು.

ಮಾಸ್ತರ ಅವತ್ತು ನಕ್ಕ ನಗಿಗೆ ಬಾಜೂ ಅಂಗಡಿಯವರು ಎದ್ದು ಬಂದ್ರು. ನನಗ ನೆಲ ಬಾಯಿ ಬಿಟ್ರ ಸಾಕಾಗಿತ್ತು.

ಎರಡನೇದಕ್ಕ ನಾ ಸುಮ್ಕ ಕುಂತು ಅಕಿ ಹೇಳಿದ್ದು ಕೇಳಿದೆ. ನೆರಿಗಿ ಕಡಿಮಿ, ಘೇರು, ಅಂದ್ರ ಕೆಳಗಿನ ಅಗಲ, ಮಾತ್ರ ದೊಡ್ಡ ಹೆಜ್ಜಿ ಇಡೂವಷ್ಟು. ಉದ್ದ ಮೀನಖಂಡದ ತನಕ, ಕೆಸರು ಮುಟ್ಟಬಾರದು. ಲಾಡಿ ಬದಲು ಅಗಲ ಪಟ್ಟಿ, ಅದಕ್ಕ ಕೋಟಿನ ದೊಡ್ಡ ಗುಂಡಿ, ಹಾದ್ಯಾಗ ಸೊಂಟ ಸೊರಗಿದ್ರ ಬಿಗಿ ಮಾಡಾಕ ಒಳಗಡೆ ಇನ್ನೊಂದು ಕಾಜಾ, ಗುಂಡಿ ತೂತು. ಬಲಕ್ಕ ಮೊಬೈಲಿಗೆ ಮುಚ್ಚಳದ ಕಿಸೆ, ಎಡಕ್ಕ ಚಾಕು ಮತ್ತ ಕುರಿ ಔಷಧಕ್ಕ. ಅರಿವಿ ದಪ್ಪ ಖಾಕಿ, ಯಾಕಂದ್ರ ಮುಳ್ಳಿನ ಸೊಕ್ಕು ಮುರಿಯಾಕ ಅದಕ್ಕಷ್ಟ ಬರ್ತಿತ್ತು. ಕತ್ತರಿಸಿ ಮಷಿನ್ ಮುಂದ ಕುಂತೆ, ಯಲ್ಲವ್ವ ಕೈ ಹಿಡದ್ಲು.

"ಮಷಿನ್ ಬ್ಯಾಡ. ಹಳೇ ಅರಿವಿ ಪದರ ಕೂಡಿಸಿ ಕೌದಿ ಹೊಲಿದಂಗ ಕೈಲೇ ಹೊಲಿ. ಕೌದಿ ನನಗೂ ಬರ್ತೈತಿ. ಹಾದ್ಯಾಗ ಹರಿದ್ರ ನಾನ ಟಾಕಿ ಹಾಕ್ಕೋತೀನಿ. ನಿನ್ನ ಮಷಿನ್ನ ಕುರಿ ಮ್ಯಾಲ ಹೇರ್ಕೊಂಡು ಹೋಗಾಕ ಬರಂಗಿಲ್ಲ."

ನನ್ನ ಬೆರಳಿಗೆ ಕೈ ಹೊಲಿಗಿ ಮರತು ಹೋಗಿತ್ತು. ಖಾಕಿಯಾಗ ಸೂಜಿ ಒಳಗ ಹೋಗೋದು ಕಡಿಮಿ, ನನ್ನ ಬೆರಳಾಗ ಹೋಗೋದು ಜಾಸ್ತಿ. ಹಳ್ಳಿಯಾಗ ಕೌದಿ ಹೊಲಿಯೋ ಮುದುಕ್ಯಾರು ನೋಡಿದ್ರ ಇಕಿಗೆ ಟೇಲರ್ ಅಂತ ಹೆಸರಿಟ್ಟಾವ ಯಾರು ಅಂತ ಕೇಳ್ತಿದ್ರು. ಆದ್ರೂ ಮುಗಿಸಿದೆ. ಗಂಜಿ ಹಾಕಿ, ಗರಿಗರಿ ಇಸ್ತ್ರಿ ಮಾಡಿ, ನುಸಿಗುಳಿಗಿ ಇಟ್ಟು ನಾನ ಅವರ ಊರಿಗೆ ಒಯ್ದು ಕೊಟ್ಟೆ. ಯಲ್ಲವ್ವ ಉಟ್ಕೊಂಡು ಕುರಿ ಕೂಡಿಹಾಕೋ ದಡ್ಡಿ ಹತ್ರ ಹೋದ್ಲು ನೋಡ್ರಿ, ಗಂಜಿ ಅರಿವಿ ಪರಪರ ಅಂತು, ನುಸಿಗುಳಿಗಿ ಘಮ್ ಅಂತು, ಕುರಿ ಎಲ್ಲಾ ತಟ್ಟಿ ಹಾರಿ ದಿಕ್ಕಾಪಾಲು. ಅವರದ ನಾಯಿ ಅವರ ಸೊಸಿನ್ನ ಕಟ್ಟಿ ಮ್ಯಾಲ ಏರಿಸಿ ಬೊಗಳಾಕ ಹತ್ತಿತು. ಭೀಮಪ್ಪ ಹೊಟ್ಟಿ ಹಿಡಕೊಂಡು, "ಪೊಲೀಸವ್ವ ಬಂದ್ಲು, ಓಡ್ರೋ" ಅಂದ. ನನ್ನ ಪರಕಾರ ಅಕಿ ಹಿಂಡು ಉಳಿಸೂದು ದೂರ ಉಳೀತು, ಹೊಂಡೋಕ್ಕಿಂತ ಮೊದಲ ಚೆದರಿಸಿಬಿಟ್ಟಿತ್ತು. ಅಳು ಬಂತು ನನಗ.

ಯಲ್ಲವ್ವನ ಅತ್ತಿ ದುರಗವ್ವ ಎದ್ದು ಬಂದ್ಲು. ಪರಕಾರ ಬಿಚ್ಚಿಸಿಕೊಂಡು ಹೋಗಿ ಕುರಿ ದಡ್ಡಿಯೊಳಗ ಹಾಸಿಬಿಟ್ಲು. ಹೊಸ ಕಂಬಳಿ ಬಂದ್ರೂ ಅವರು ಹಂಗ ಮಾಡ್ತಾರಂತ. ಕುರಿ ಅದರ ಮ್ಯಾಲ ಮಲಗಿ, ಹಿಕ್ಕಿ ಹಾಕಿ, ತಮ್ಮದು ಅಂತ ಒಪ್ಪಿಕೊಂಡ ಮ್ಯಾಲನ ಮನಷ್ಯಾರು ಮೈಮ್ಯಾಲ ಹಾಕ್ಕೋಬೇಕು. ನನ್ನ ಇಸ್ತ್ರಿ ಹಿಂಗ ಹಿಕ್ಕಿ ಪಾಲಾತು.

ಮೂರು ದಿನ ಬಿಟ್ಟು ದುರಗವ್ವ ಆ ನಾರೋ ಪರಕಾರ ಹೊತ್ಕೊಂಡು ಅಂಗಡಿಗೆ ಬಂದ್ಲು. ಟೇಬಲ್ ಮ್ಯಾಲ ಒಗದು, "ಇದಕ್ಕ ಉಡಿ ಎಲ್ಲೈತಿ?" ಅಂದ್ಲು.

ನಾ ಪರಕಾರ ಹಿಂದ ಮುಂದ ತಿರುವಿ ನೋಡಿದೆ. ಸೀರಿ ಸೆರಗು ಹೊಟ್ಟಿ ಮುಂದ ಎತ್ತಿ ಸಿಗಿಸಿ ಚೀಲದಂಗ ಮಾಡ್ಕೋತೀವಲ್ಲ, ಅದು ಉಡಿ. ನಮ್ಮ ಹೆಣಮಕ್ಕಳು ಕಾಯಿಪಲ್ಯ ತರೂದೂ ಅದರಾಗ, ಊರಿಗೆ ಹೊಂಟಾಕಿಗೆ ಜ್ವಾಳ, ಕೊಬ್ರಿ, ಅರಿಷಿಣ ಕೊಂಬು ತುಂಬಿ ಹರಸೂದೂ ಅದರಾಗ. ಕುಷ್ಟಗಿಯಾಗ ಇಷ್ಟು ಅರಿವಿ ಹೊಲದ ನಾನು ಉಡಿ ಇಲ್ಲದ್ದೊಂದು ಹೊಲದು, ಅದನ್ನ ಹಾದಿಗೆ ತಯಾರು ಅಂತ ಕೊಟ್ಟಿದ್ದೆ.

"ಹಾದ್ಯಾಗ ಕುರಿ ಈದ್ರ ಮರಿ ಎಲ್ಲಿ ಇಟ್ಕೋಬೇಕು ಅಕಿ? ನೆತ್ತಿ ಮ್ಯಾಲೇನು?" ಅಂತ ಬೈದು, ಬಗಲಿನ ಗಂಟು ಬಿಚ್ಚಿ ಒಂದು ಹಳೇ ರುಮಾಲು ತಗದ್ಲು. ಸತ್ತ ಮಗ ತೆಲಿಗೆ ಸುತ್ತಿಕೊಳ್ಳೋ ರುಮಾಲು ಅದು. "ಇದರಾಗ ಹೊಲಿ. ಗಟ್ಟಿ ಐತಿ" ಅಂತಷ್ಟ ಅಂದ್ಲು. ನಾ ಅದನ್ನ ನಾಕು ಪದರ ಮಡಿಚಿ ಕೌದಿ ಟಾಕಿ ಹಾಕಿ, ಪರಕಾರದ ಮುಂದ ಹೊಟ್ಟಿಗೆ ಸರಿಯಾಗಿ ಒಂದು ಉಡಿ ಕೂಡಿಸಿದೆ. ಬಾಯಿ ಅಗಲ, ತಳ ಗುಂಡಗ, ಎರಡು ಮರಿ ಮಲಗಬೇಕು. ಮಾಸ್ತರ ಕೈಯಾಗ ಹಿಡದು ಜಗ್ಗಿ ನೋಡಿ, ಜೀವಮಾನದಾಗ ಮೊದಲನೇ ಸಲ ಬೈಲಿಲ್ಲ.

ಹಿಂಡು ಹೊಂಡೋ ಮುಂಜಾನಿ ನಾನೂ ಹೋಗಿದ್ದೆ. ಯಲ್ಲವ್ವನ ಮಾವ ಕಟ್ಟಿ ಮ್ಯಾಲ ಬೀಡಿ ಸೇದ್ಕೊಂತ ಕುಂತಿದ್ದ. ದುರಗವ್ವ ಕಾಳು ಕೇರೋ ಮರದಾಗ ಜ್ವಾಳ ಕೊಬ್ರಿ ತಂದು, ಅಡಗಿಗಂತ ಹೊಂಟಿದ್ದ ಭೀಮಪ್ಪನ ಹೆಂಡ್ತಿ ನಿಂಗವ್ವನ ಉಡಿ ತುಂಬಿದ್ಲು. ಯಲ್ಲವ್ವ ಬಾಜೂಕ ನಿಂತಿದ್ಲು. ದುರಗವ್ವ ಮರ ತಗೊಂಡು ಒಳಗ ನಡದ್ಲು.

"ಯವ್ವಾ, ಇಕಿಗೆ?" ಅಂದೆ.

"ಗಂಡ ಇಲ್ದಾಕಿಗೆ ಉಡಿ ತುಂಬ್ತಾರೇನು?"

"ಉಡಿ ಹೊಲಿ ಅಂದಾಕಿ ನೀನ ಅಲ್ಲೇನು?"

"ಅದು ಮರಿಗೆ ಹೊಲಿಸಿದ್ದು" ಅಂದ್ಲು, ಹಿಂದ ನೋಡಲಿಲ್ಲ.

ನನಗ ಸಿಟ್ಟು ನೆತ್ತಿಗೇರಿತು. ಮಗನ ರುಮಾಲು ಕೊಡಾಕ ಬಂತು, ಒಂದು ಹಿಡಿ ಜ್ವಾಳ ಕೊಡಾಕ ಕೈ ಬರಲಿಲ್ಲ. ಎರಡು ಮಾತು ಅನ್ನಾಕ ಹೋಗಿದ್ದೆ, ಯಲ್ಲವ್ವ ನನ್ನ ರಟ್ಟಿ ಹಿಡದ್ಲು. "ಇರಲಿ ಬಿಡಬೇ, ಹೊತ್ತಾತು" ಅಂದು ಖಾಲಿ ಉಡಿ ಸವರಿಕೊಂಡು, ಹಿಂಡಿಗೆ ಹಚ್ಯಾ ಅಂದ್ಲು.

ಆಮ್ಯಾಲಿನ ಸುದ್ದಿ ನನಗ ಫೋನಿನ್ಯಾಗ ಬರ್ತಿತ್ತು. ಮಾಸ್ತರಗ ಕೇಳಲಿ ಅಂತ ಸ್ಪೀಕರ್ ಹಾಕ್ತಿದ್ದೆ. ಕನಕಗಿರಿ ಸಂತ್ಯಾಗ ಮಂದಿ ನೋಡಿ ನಕ್ಕರಂತ. ಗಂಗಾವತಿ ಕಡೆ ಕಾಲುವಿ ಕಾಯಾವ ಒಬ್ಬ ಪ್ರತಿ ವರ್ಷ ಇವರನ್ನ ಬೈದು ಸುತ್ತು ಹಾಕಿಸ್ತಿದ್ನಂತ. ಈ ಸಲ ದೂರಿಂದ ಖಾಕಿ ನೋಡಿ ಯಾವುದೋ ಇಲಾಖೆಯಾಕಿ ಅಂತ ತಿಳಕೊಂಡು, "ಬರ್ರಿ ಮೇಡಂ" ಅಂತ ದಾರಿ ಬಿಟ್ಟ. ಹಿಂಡೆಲ್ಲ ದಾಟಿದ ಮ್ಯಾಲ ನೋಡ್ತಾನ, ಮೇಡಂ ಕಾಲಾಗ ಎಕ್ಕಡ, ಕೈಯಾಗ ಬಡಿಗಿ. ಹೊಳ್ಳಿ ಹೋಗ್ರಿ ಅನ್ನಾಕ ಅವನಿಗೂ ನಾಚಿಗಿ ಬಂತಂತ.

ಅಷ್ಟಕ್ಕ ಎಲ್ಲಾ ಸುಸೂತ್ರ ಅಂತ ತಿಳೀಬ್ಯಾಡ್ರಿ. ಒಮ್ಮೆ ಜ್ವರ ಬಂದು ಫೋನಿನ್ಯಾಗ ಧ್ವನಿನ ಬರವಲ್ದು. "ಹಿಂದ ಬಿದ್ದಿಯೇನವ್ವ?" ಅಂತ ಕೇಳಿದೆ. "ಗುಂಡಿ ಒಳಗಿನ ಕಾಜಾಕ್ಕ ಹಾಕ್ಕೊಂಡೀನಿ, ಇನ್ನೂ ನಡದೀನಿ" ಅಂದ್ಲು. ಅವತ್ತು ನನಗ ಊಟ ಸೇರಲಿಲ್ಲ.

ಯುಗಾದಿ ಹತ್ರ ಬಂದಾಗ ಹಿಂಡು ತಿರುಗಿತು. ತಾವರಗೇರಿ ಈಚೆ ಹಳ್ಳದ ಹತ್ರ ಅಕಾಲದ ಮಳಿ ಹಿಡೀತಂತ. ನೀರು ಏರೋದ್ರೊಳಗ ಹಳ್ಳ ದಾಟಬೇಕು, ಅದ ಹೊತ್ತಿಗೆ ಭೀಮಪ್ಪನ ಕುರಿ ಒಂದು ಅವಳಿ ಮರಿ ಈತು. ಹಿಂಡಿನ ಕೂಡ ಬಂದಿದ್ದ ಕುದರಿ ಮ್ಯಾಲ ಸಾಮಾನು ತುಂಬೇತಿ. ನಿಂಗವ್ವ ತೊಯ್ದ ಸೀರಿ ಕಾಲಿಗೆ ಸುತ್ತಿ ಕೆಸರಾಗ ಕುಂತಾಳ. ಭೀಮಪ್ಪ ಎರಡೂ ಕೈಯಾಗ ನಡಗೋ ಮರಿ ಹಿಡಕೊಂಡು ಹಿಂದ ಉಳದಾನ. ಯಲ್ಲವ್ವ ತನ್ನ ಹಿಂಡು ಆಚೆ ದಂಡಿಗೆ ಹಚ್ಚಿ, ಹೊಳ್ಳಿ ಬಂದು ಅವನ ಮುಂದ ನಿಂತ್ಲು.

"ಇವನ್ನ ನಿನ್ನ ಉಡ್ಯಾಗ ಇಟ್ಕೋ ಯಲ್ಲವ್ವಾ" ಅಂದನಂತ.

"ನನ್ನವು ನಿಮ್ಮ ಹಿಂಡಿನಾಗ ಕೂಡಸು ಅಂದಿದ್ರಿ ಭಾವಾರ, ನಿಮ್ಮವ ನನ್ನ ಕಡೆ ಬಂದ್ವಲ್ರಿ" ಅಂದ್ಲಂತ. ಅಂದ್ರೂ ಮರಿ ಇಸ್ಕೊಂಡ್ಲು.

ಅವರು ಊರು ಸೇರೋ ದಿನ ನಾ ಹೋಗಿ ಬಾಗಿಲ ಮುಂದ ನಿಂತಿದ್ದೆ. ಖಾಕಿ ಬಣ್ಣ ಹೋಗಿ ಮಣ್ಣಾಗಿತ್ತು, ಅಕಿ ಹಾಕಿದ ಟಾಕಿ ಯಾವು, ನಾ ಹಾಕಿದ್ದು ಯಾವು ಅಂತ ನನಗ ಗುರುತು ಸಿಗಲಿಲ್ಲ. ಉಡ್ಯಾಗಿಂದ ಎರಡು ಮರಿ ತೆಲಿ ಹೊರಗ ಹಾಕ್ಕೊಂಡು ನೋಡಾಕತ್ತಿದ್ವು. ಹಿರ್ಯಾರು ಕೂಡಿದ್ರು. "ಏನಪಾ ಭೀಮಪ್ಪ, ಹಿಂದ ಬಿದ್ಲೇನು?" ಅಂತ ಕೇಳಿದ್ರು.

ಭೀಮಪ್ಪ ಗಡ್ಡ ಕೆರಕೊಂಡ. "ನನ್ನ ಮರಿ ಅಕಿ ಉಡ್ಯಾಗ ಅದಾವ. ಅಕಿ ಹಿಂದ ಬಿದ್ದಾಳ ಅಂದ್ರ ನಾ ಎಲ್ಲಿದ್ದೆ ಅಂತ ಕೇಳ್ತೀರಿ ನೀವು. ಅಕಿ ಕುರಿ ಅಕೀವ ಬಿಡ್ರಿ" ಅಂದ.

ದುರಗವ್ವ ಕಾಲಿಗೆ ನೀರು ಕೊಟ್ಟು ಸೊಸಿನ್ನ ಮ್ಯಾಲಿಂದ ಕೆಳಗ ನೋಡಿದ್ಲು. ಒಳಗ ಹೋದ್ಲು. ಹೊರಗ ಬಂದಾಗ ಕೈಯಾಗ ಮರ, ಮರದಾಗ ಜ್ವಾಳ ಕೊಬ್ರಿ. ಮಾವನ ಬೀಡಿ ಬೆರಳಾಗ ಹಂಗ ನಿಂತಿತು.

"ಅತ್ತೀ, ಜಾಗ ಇಲ್ಲ" ಅಂದ್ಲು ಯಲ್ಲವ್ವ. "ಮರಿ ಮಲಗ್ಯಾವ."

ದುರಗವ್ವ ನನ್ನ ಕಡೆ ತಿರುಗಿದ್ಲು. "ಏನ ಟೇಲರವ್ವ, ಏನು ಹೊಲದೀ ನೀನು? ಮರಿಗೊಂದು ಆದ್ರ ಸಾಕೇನು? ಅಕಿಗೊಂದು ಬ್ಯಾಡೇನು?" ಅಂದಾಕೀನ ಮರ ಕೆಳಗಿಟ್ಟು, ತಾನು ಉಟ್ಟಿದ್ದ ಸೀರಿ ಸೆರಗು ಹಲ್ಲಿಲೆ ಕಚ್ಚಿ ಚರ್ ಅಂತ ಹರದ್ಲು. "ಹಿಡಿ. ಇಲ್ಲೇ ಹೊಲಿ. ನಾ ನಿಂತೀನಿ."

ಸೂಜಿ ದಾರ ನನ್ನ ಚೀಲದಾಗ ಯಾವಾಗಲೂ ಇರ್ತಾವ. ಕಣ್ಣು ಮಾತ್ರ ಕೈ ಕೊಟ್ಟುವು, ಅವತ್ತಿಂದು ವಯಸ್ಸಿಂದ ಅಲ್ಲ. ದಾರ ಸೂಜಿ ಬಿಟ್ಟು ಎಲ್ಲಾ ಕಡೆ ಹೋಗಾಕತ್ತಿತು. ಕಡೀಕ ಭೀಮಪ್ಪ ಬೈಕೊಂತ ಬಂದು, ದಾರ ಎಂಜಲ ಮಾಡಿ ಪೋಣಿಸಿ ಕೊಟ್ಟ. ಯಲ್ಲವ್ವ ನಿಂತಾಳ, ನಾ ಅಕಿ ಮುಂದ ಮೊಣಕಾಲೂರಿ ಕುಂತೀನಿ, ಮರಿ ಎರಡೂ ನನ್ನ ಕೂದಲ ಮೇಯಾಕತ್ತಾವ. ಟಾಕಿ ಸೊಟ್ಟ ಬಿದ್ದುವು. ಮಾಸ್ತರ ಅಲ್ಲಿ ಇದ್ದಿದ್ರ ಬಿಚ್ಚು ಅಂತಿದ್ದ. ನಾ ಹೊಲದ ಕಡೀ ಉಡಿ ಅದು, ಅದಾದ ಮ್ಯಾಲ ಅಂಗಡಿ ಮುಚ್ಚಿದೆ.

ದಾರ ಕಡದು ಸರದೆ. ದುರಗವ್ವ ಎರಡೂ ಕೈಲೆ ಜ್ವಾಳ ತುಂಬಿ ಆ ಸೊಟ್ಟ ಉಡಿಗೆ ಸುರವಿದ್ಲು, ಕೊಬ್ರಿ ಬಟ್ಟಲ ಇಟ್ಲು, ಅರಿಷಿಣ ಕೊಂಬು ಇಟ್ಲು. ಯಲ್ಲವ್ವ ಗಂಡ ಸತ್ತಾಗ ಅತ್ತಿದ್ಲೋ ಇಲ್ಲೋ ನನಗ ಗೊತ್ತಿಲ್ಲ, ಅವತ್ತು ಬಾಯಿ ತಗದು ಅತ್ಲು.

ದುರಗವ್ವ ಉಳದ ಸೆರಗಿಲೆ ಅಕಿ ಮಾರಿ ಒರಸಿ, "ಸಾಕು, ಅಳಬ್ಯಾಡ, ಜ್ವಾಳ ತೊಯ್ತಾವ" ಅಂದ್ಲು.